ಒಂದೇ ಕಟ್ಟಡದೊಳಗೆ ದರೋಡೆ: ಚಿತ್ರಕತೆಗೆ ಕೂತವರಿಗೆ ಎಂಟು ಸೂತ್ರ

ಒಂದೇ ಲೊಕೇಶನ್ ಆದರೆ ಖರ್ಚು ಕಡಿಮೆ ಎಂಬ ಲೆಕ್ಕ ಹಾಕಿಕೊಂಡು ದರೋಡೆ ಥ್ರಿಲ್ಲರ್ ಬರೆಯಲು ಕೂರುವ ಹೊಸಬರು ಬಹಳ. ಅಲ್ಲಿ ಉಳಿಸಿದ ದುಡ್ಡಿಗೆ ಸಮನಾದ ದುಡಿಮೆಯನ್ನು ಚಿತ್ರಕತೆ ಬಡ್ಡಿಸಮೇತ ವಸೂಲಿ ಮಾಡುತ್ತದೆ. ಜಾಗ ಬದಲಾಗುವುದಿಲ್ಲ ಎಂದಮೇಲೆ ಯಾರಿಗೆ ಏನು ಗೊತ್ತು ಎಂಬುದಾದರೂ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತಿರಬೇಕು.

1. ಮೊದಲು ಕಟ್ಟಡದ ನಕ್ಷೆ, ಆಮೇಲೆ ಕತೆ. ಲಿಫ್ಟ್ ಎಲ್ಲಿ, ಹಿಂಬಾಗಿಲು ಯಾವ ಕಡೆ, ಲಾಕರ್ ಕೋಣೆಗೆ ಎಷ್ಟು ಮೆಟ್ಟಿಲು? ಮೊದಲ ಹತ್ತು ನಿಮಿಷದಲ್ಲೇ ಇದು ಪ್ರೇಕ್ಷಕರ ತಲೆಯಲ್ಲಿ ಕೂತಿರಬೇಕು. ಸುನಿಲ್ ಕುಮಾರ್ ದೇಸಾಯಿಯವರ ‘ನಿಷ್ಕರ್ಷ’ ನೋಡಿ. ಮಣಿಪಾಲದ ಒಂದು ಕಟ್ಟಡ, ಬ್ಯಾಂಕ್ ದರೋಡೆ, ಕಮಾಂಡೊ ಆಗಿ ವಿಷ್ಣುವರ್ಧನ್, ಎದುರಾಳಿಯಾಗಿ ಬಿ.ಸಿ. ಪಾಟೀಲ್. ‘ಡೈ ಹಾರ್ಡ್’ನ ನೆರಳು ಅದರ ಮೇಲಿದೆ, ಇರಲಿ. ತೊಂಬತ್ತರ ದಶಕದಲ್ಲಿ ಕಟ್ಟಡವೊಂದನ್ನೇ ನಂಬಿ ಕನ್ನಡದಲ್ಲಿ ಸಿನಿಮಾ ಮಾಡಲು ಎದೆಗಾರಿಕೆ ಬೇಕಿತ್ತು.

2. ದರೋಡೆಯನ್ನೇ ತೋರಿಸಬೇಕೆಂದಿಲ್ಲ. ಟ್ಯಾರಂಟಿನೊ 1992ರ ‘ರಿಸರ್ವಾಯರ್ ಡಾಗ್ಸ್’ನಲ್ಲಿ ಅದನ್ನು ತೋರಿಸಲೇ ಇಲ್ಲ. ಗೋದಾಮಿಗೆ ಒಬ್ಬೊಬ್ಬರಾಗಿ ಬಂದು ಸೇರುವ ಕಳ್ಳರು, ‘ನಮ್ಮಲ್ಲಿ ಪೊಲೀಸಿನವ ಯಾರು’ ಎಂಬ ಗುಮಾನಿ. ಅಷ್ಟೇ ಸಾಕಾಯಿತು.

3. ಯೋಜನೆಯನ್ನು ಪೂರ್ತಿ ವಿವರಿಸಿದಿರೋ, ಅದು ಕೆಡಲೇಬೇಕು. ಗೆಲ್ಲುವ ಯೋಜನೆಯಾದರೆ ಅರ್ಧ ಮುಚ್ಚಿಡಿ.

4. ಕೈ ಕೆಲಸ ಮಾಡುವಾಗ ಬಾಯಿ ಮುಚ್ಚಿರಲಿ. ಜೂಲ್ಸ್ ಡಾಸಿನ್ ಅವರ ‘ರಿಫಿಫಿ’ (1955) ಇದಕ್ಕೆ ಪಠ್ಯಪುಸ್ತಕ. ಪ್ಯಾರಿಸ್‌ನ ಒಡವೆ ಅಂಗಡಿಗೆ ಮೇಲಿನ ಮನೆಯ ನೆಲ ಕೊರೆದು ಇಳಿಯುವ ದೃಶ್ಯ ಸುಮಾರು ಅರ್ಧ ಗಂಟೆ ಸಾಗುತ್ತದೆ. ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಕೊರೆದ ತೂತಿನಿಂದ ಕೊಡೆಯೊಂದನ್ನು ಇಳಿಬಿಟ್ಟು, ಕೆಳಗೆ ಬಿಚ್ಚಿ, ಉದುರುವ ಗಾರೆಯನ್ನೆಲ್ಲ ಅದರಲ್ಲೇ ಹಿಡಿಯುತ್ತಾರೆ. ಒಂದು ಹೆಂಟೆ ನೆಲಕ್ಕೆ ಬಿದ್ದರೆ ಅಲಾರಂ. ನಮ್ಮವರಾದರೆ ಅಲ್ಲೂ ಒಬ್ಬ ‘ಹುಷಾರು ಕಣೋ, ಸದ್ದಾದ್ರೆ ಸತ್ವಿ’ ಎಂದು ಹೇಳಿಬಿಡುತ್ತಿದ್ದ. ಕಣ್ಣಿಗೆ ಕಾಣುವುದನ್ನು ಪಾತ್ರದ ಬಾಯಲ್ಲಿ ಹೇಳಿಸುವ ಚಾಳಿ ಬಿಟ್ಟರೆ ಅರ್ಧ ಗೆದ್ದಂತೆ.

5. ಒತ್ತೆಯಾಳುಗಳೂ ಮನುಷ್ಯರು. ಮೂಲೆಯಲ್ಲಿ ಕೂತು ಅಳುವುದೊಂದೇ ಅವರ ಕೆಲಸವಲ್ಲ. 1972ರಲ್ಲಿ ಬ್ರೂಕ್ಲಿನ್‌ನಲ್ಲಿ ನಡೆದ ಬ್ಯಾಂಕ್ ದರೋಡೆಯನ್ನು ಆಧರಿಸಿದ ಸಿಡ್ನಿ ಲ್ಯೂಮೆಟ್ ಅವರ ‘ಡಾಗ್ ಡೇ ಆಫ್ಟರ್‌ನೂನ್’ನಲ್ಲಿ ಹಿರಿಯ ಕ್ಯಾಷಿಯರ್ ಬಿಡುಗಡೆಯ ಅವಕಾಶ ಸಿಕ್ಕರೂ ತನ್ನ ಕೈಕೆಳಗಿನ ಹುಡುಗಿಯರನ್ನು ಬಿಟ್ಟು ಹೋಗದೆ ಒಳಗೇ ಮರಳುತ್ತಾಳೆ. ದರೋಡೆಕೋರನಿಗೆ ಕೈಗೆ ಹತ್ತುವುದು 1,100 ಡಾಲರ್ ಮಾತ್ರ, ಉಳಿದ ಹಣ ಆಗಲೇ ಸಾಗಿಹೋಗಿದೆ. ಇಂಥ ಪೆಚ್ಚುತನ ಕೊಡುವ ಬಿಸಿಯನ್ನು ಹತ್ತು ಗನ್ ಕೊಡಲಾರವು.

6. ಕೋಣೆ ಕಿರಿದಾಗುತ್ತ ಬರಲಿ. ದರೋಡೆಯ ಕತೆಯಲ್ಲದಿದ್ದರೂ ಲ್ಯೂಮೆಟ್ ಅವರ ‘12 ಆಂಗ್ರಿ ಮೆನ್’ (1957) ಛಾಯಾಗ್ರಾಹಕರ ಜೊತೆ ಕೂತು ನೋಡಬೇಕಾದ ಸಿನಿಮಾ. ಕತೆ ಮುಂದುವರಿದಂತೆ ಲ್ಯೂಮೆಟ್ ಹೆಚ್ಚು ಹೆಚ್ಚು ಉದ್ದದ ಲೆನ್ಸ್ ಬಳಸಿದರು, ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಕೆಳಕ್ಕಿಳಿಸಿದರು. ಗೋಡೆಗಳು ಹತ್ತಿರವಾದವು, ಸೂರು ತಲೆಯ ಮೇಲೆ ಬಂತು. ಹೊಸ ಸೆಟ್ಟಿಗೆ ಬಿಡಿಗಾಸು ಖರ್ಚಾಗಲಿಲ್ಲ.

7. ‘ಟವರ್ ಸಿಗುತ್ತಿಲ್ಲ’ ಎಂಬ ನೆಪ ಇನ್ನು ನಡೆಯದು. ಇಂದು ಪ್ರತಿ ಜೇಬಿನಲ್ಲೂ ಮೊಬೈಲ್ ಇದೆ, ಗೋಡೆಗೆಲ್ಲ ಸಿಸಿಟಿವಿ. ಕಳ್ಳರು ಅವನ್ನು ಹೇಗೆ ನಿಭಾಯಿಸಿದರು ಎಂಬುದೇ ಒಂದು ಒಳ್ಳೆಯ ದೃಶ್ಯವಾಗಬಲ್ಲದು. ಒಂದೇ ಜಾಗದಲ್ಲಿ ಸಣ್ಣ ತಪ್ಪೂ ಎದ್ದು ಕಾಣುವುದರಿಂದ ಗೋಡೆ ಗಡಿಯಾರ, ಅಂಗಿಯ ಬೆವರಿನ ಕಲೆ ಎರಡರ ಕಂಟಿನ್ಯುಟಿಯ ಮೇಲೂ ಕಣ್ಣಿರಲಿ.

8. ಹಾಡು ಬೇಡ. ನಿರ್ಮಾಪಕರು ‘ಆಡಿಯೊ ರೈಟ್ಸ್ ಕತೆ ಏನು’ ಎಂದು ಕೇಳಿಯೇ ಕೇಳುತ್ತಾರೆ. ಅವರಿಗೆ ದೇಸಾಯಿಯವರದೇ 1989ರ ‘ತರ್ಕ’ ತೋರಿಸಿ. ಶಂಕರ್ ನಾಗ್ ಇದ್ದರು, ಹಾಡು ಇರಲಿಲ್ಲ.

ನಿರ್ಮಾಪಕರ ಆಫೀಸಿಗೆ ಹೊರಡುವ ಮುನ್ನ ಒಂದು ಪರೀಕ್ಷೆ ಮಾಡಿಕೊಳ್ಳಿ. ನಡುವಿನ ಯಾವುದಾದರೂ ಎರಡು ದೃಶ್ಯಗಳನ್ನು ಅದಲುಬದಲು ಮಾಡಿ ಓದಿ. ಕತೆ ಆಗಲೂ ಕೆಡದೆ ನಿಂತರೆ, ದಯವಿಟ್ಟು ವಾಪಸ್ ಬಂದು ಮತ್ತೆ ಬರೆಯಿರಿ.