ಸದಕವೂ ಗೋಧಿಯೇ

ಪ್ರಶ್ನೆ: ಅಕ್ಕನ ಮಗನಿಗೆ ಹದಿಮೂರು ವರ್ಷ. ಟೈಪ್ 1 ಸಕ್ಕರೆ ಕಾಯಿಲೆ, ಇನ್ಸುಲಿನ್ ನಡೆದಿದೆ. ಈಚೆಗೆ ಸಕ್ಕರೆ ಪದೇ ಪದೇ ಇಳಿದುಬಿಡುತ್ತಿದೆ. ಡಾಕ್ಟರು ಸೀಲಿಯಾಕ್ ಪರೀಕ್ಷೆ ಬರೆದಿದ್ದಾರೆ. ಹುಡುಗನಿಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ. ರೊಟ್ಟಿ ತಿನ್ನೋ ನಮ್ಮ ಕಡೆ ಈ ಗೋಧಿ ಕಾಯಿಲೆ ಎಲ್ಲಿಂದ ಬಂತ್ರಿ? ಈಗಿನಿಂದಲೇ ಚಪಾತಿ ಬಿಡಿಸಿ ಸದಕ ಗೋಧಿ ಕೊಡೋಣವೇ?
— ಓದುಗರೊಬ್ಬರು, ಹಿಡಕಲ್

ಉತ್ತರ: ಪರೀಕ್ಷೆ ಮುಗಿಯುವವರೆಗೆ ಚಪಾತಿ ಬಿಡಿಸಬೇಡಿ. ಗೋಧಿಯಲ್ಲಿರುವ ಗ್ಲುಟೆನ್ ಕೆಲವರ ಮೈಗೆ ಆಗದು, ಅದೇ ಸೀಲಿಯಾಕ್. ಆಗ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನೇ ಟಿಟಿಜಿ ಎಂಬ ಸೀಲಿಯಾಕ್ ಪರೀಕ್ಷೆ ಹುಡುಕುವುದು. ಗೋಧಿ ಬಿಟ್ಟು ಕೆಲವು ತಿಂಗಳಾದರೆ ಅವು ಇಳಿದುಹೋಗಿ, ಕಾಯಿಲೆ ಇದ್ದರೂ ವರದಿಯಲ್ಲಿ ಕಾಣದೆ ಹೋಗಬಹುದು.

ಟೈಪ್ 1 ಮತ್ತು ಸೀಲಿಯಾಕ್ ಎರಡಕ್ಕೂ ದಾರಿ ಮಾಡಿಕೊಡುವ ಕೆಲವು ವಂಶವಾಹಿಗಳು ಒಂದೇ. ಜಗತ್ತಿನಲ್ಲಿ ನೂರಕ್ಕೆ ಒಬ್ಬರಿಗೆ ಬರುವ ಸೀಲಿಯಾಕ್, ಟೈಪ್ 1 ಇದ್ದವರಲ್ಲಿ ನೂರಕ್ಕೆ ಐದಾರು ಮಂದಿಯಲ್ಲಿ ಕಾಣುತ್ತದೆ. ಹೊಟ್ಟೆಯ ತಕರಾರು ಇರಲೇಬೇಕೆಂದಿಲ್ಲ. ಸಣ್ಣ ಕರುಳಿನ ಒಳಪದರ ಸವೆದಾಗ ಉಂಡದ್ದು ಸರಿಯಾಗಿ ರಕ್ತಕ್ಕೆ ಸೇರದು, ಚುಚ್ಚಿದ ಇನ್ಸುಲಿನ್ ಮಾತ್ರ ತನ್ನ ಹೊತ್ತಿಗೆ ಕೆಲಸ ಮಾಡುತ್ತದೆ. ಸಕ್ಕರೆ ಕುಸಿಯಲು ಇದೂ ಒಂದು ಕಾರಣ. ಎತ್ತರ ನಿಂತುಹೋಗುವುದು, ಮಾತ್ರೆಗೂ ಜಗ್ಗದ ರಕ್ತಹೀನತೆ ಇನ್ನೆರಡು ಸುಳಿವು.

ನಮ್ಮ ಕಡೆ ಎಲ್ಲಿಂದ ಬಂತೆಂದು ಕೇಳಿದ್ದೀರಿ. 2016ರಲ್ಲಿ ಪ್ರಕಟವಾದ ದೇಶದ ಸಮೀಕ್ಷೆಯೊಂದರಲ್ಲಿ ಸೀಲಿಯಾಕಿನ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಮಂದಿಯಲ್ಲಿ ಇದ್ದವು. ವಂಶವಾಹಿಯಲ್ಲಿ ಅಂಥ ಅಂತರವಿರಲಿಲ್ಲ. ಅಂತರವಿದ್ದದ್ದು ತಿನ್ನುವ ಗೋಧಿಯಲ್ಲಿ. ಆದರೆ ದಕ್ಷಿಣದ ಆ ಲೆಕ್ಕ ಅನ್ನ ಉಣ್ಣುವ ತಮಿಳುನಾಡಿನದು. ಚಪಾತಿ, ಗೋಧಿ ಹುಗ್ಗಿ, ಹೋಳಿಗೆ ಉಣ್ಣುವ ಹುಕ್ಕೇರಿ-ಗೋಕಾಕದವರು ಅದನ್ನು ನಂಬಿ ನಿಶ್ಚಿಂತರಾಗುವುದು ನನಗೆ ಸರಿಕಾಣದು.

ಇನ್ನು ಸದಕ. ಕಪಲಿ ಎಂದರೂ ಅದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1029ರಂಥ ತಳಿ ಕೊಟ್ಟಿದೆ, ಸಕ್ಕರೆ ಇದ್ದವರಿಗೆ ಒಳ್ಳೆಯದೆಂದು ಜನ ಹುಡುಕಿಕೊಂಡು ಒಯ್ಯುತ್ತಾರೆ. ನಿಧಾನ ಜೀರ್ಣವಾಗುತ್ತದೆ, ನಿಜ. ಗ್ಲುಟೆನ್ ಮಾತ್ರ ಅದರಲ್ಲೂ ಇದೆ. ಸೀಲಿಯಾಕ್ ಖಚಿತವಾದರೆ ಸದಕವೂ ಬೇಡ, ರವೆ, ಶಾವಿಗೆ, ಬಿಸ್ಕತ್ತು, ಬಾರ್ಲಿಯೂ ಬೇಡ, ಅದೂ ಜೀವನಪೂರ್ತಿ.

ಜೋಳ, ಸಜ್ಜೆ, ನವಣೆ, ಅಕ್ಕಿ ನಡೆಯುತ್ತವೆ. ಅಪಾಯವಿರುವುದು ಗಿರಣಿಯಲ್ಲಿ: ಹಿಂದಿನವರು ಗೋಧಿ ಬೀಸಿಕೊಂಡು ಹೋದ ಕಲ್ಲಿಗೇ ನಿಮ್ಮ ಜೋಳ ಸುರಿದರೆ ಮೊದಲ ಸೇರು ಹಿಟ್ಟಿನಲ್ಲಿ ಅವರ ಗೋಧಿಯೂ ಬರುತ್ತದೆ. ಮನೆಯಲ್ಲೇ ಬೀಸಿಕೊಂಡರೆ ಒಳ್ಳೆಯದು. ‘ಗ್ಲುಟೆನ್ ರಹಿತ’ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ದಾಟಬಾರದೆಂಬ ನಿಯಮವಿದೆ, ಅಷ್ಟು ಸೂಕ್ಷ್ಮ ಇದು. ಇಂಗಿನ ಡಬ್ಬಿಯನ್ನೂ ಓದಿ. ಬಹಳಷ್ಟರಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ.

ಸೀಲಿಯಾಕ್ ಇದ್ದು ಗೋಧಿ ಬಿಟ್ಟರೆ, ಕರುಳು ಚೇತರಿಸಿಕೊಂಡಂತೆ ಉಂಡದ್ದು ಮೈಗೆ ಹತ್ತುತ್ತದೆ, ಇನ್ಸುಲಿನ್ ಹೆಚ್ಚಿಸಬೇಕಾಗಬಹುದು. ಆ ವಾರಗಳಲ್ಲಿ ಗ್ಲುಕೋಮೀಟರ್ ಕೈಗೆ ಹತ್ತಿರವಿರಲಿ, ಡೋಸು ಡಾಕ್ಟರನ್ನು ಕೇಳಿಯೇ ಬದಲಿಸಿ. ಪರೀಕ್ಷೆ ಈಗ ‘ಇಲ್ಲ’ ಎಂದರೂ ಒಂದೆರಡು ವರ್ಷ ಬಿಟ್ಟು ಮತ್ತೆ ಮಾಡಿಸಬೇಕು. ಇನ್ನು ಸಿಹಿತಿನಿಸಿನ ಮಾತು: ಗೋಕಾಕ ಕರದಂಟಿನ ಅಂಟು ಮರದ್ದು, ಅದರಲ್ಲಿ ಗ್ಲುಟೆನ್ ಇಲ್ಲ. ಬೆಲ್ಲದ ಲೆಕ್ಕ ಮಾತ್ರ ಇನ್ಸುಲಿನ್ನಿಗೆ ಸೇರಲಿ.