ಮಳೆಗೆ ಎದ್ದ ಅಣಬೆ

ಮಳೆ ಬಂದು ನಿಂತಿದೆ. ನೆಲ ಒದ್ದೆಯಾಗಿದೆ. ಹಿತ್ತಲಿಗೆ ಹೋಗಿ ಬಗ್ಗಿ ನೋಡಿ. ತಿಪ್ಪೆಯ ಮೇಲೆ, ಕೊಳೆತ ಸೌದೆಯ ಮೇಲೆ ಪುಟ್ಟ ಕೊಡೆಗಳು ಎದ್ದಿವೆ. ಕೆಲವು ಅಕ್ಕಿಕಾಳಿನಷ್ಟೇ ಸಣ್ಣವು. ಇವೇ ಅಣಬೆ. ಇವನ್ನು ನಾಯಿಕೊಡೆ ಎಂದೂ ಕರೆಯುತ್ತೇವೆ. ಕೊಡಗಿನಲ್ಲಿ ಕುಮ್ಮು ಅಂತಾರೆ.

ಗುಡುಗಿದರೆ ಅಣಬೆ ಏಳುತ್ತೆ ಅಂತಾರೆ. ಅದನ್ನು ಎಬ್ಬಿಸುವುದು ಮಳೆಯ ತೇವ. ಮಣ್ಣಿನೊಳಗೆ ನೂಲಿಗಿಂತ ಸಣ್ಣ ಎಳೆಗಳಿರುತ್ತವೆ. ಅವು ಎಲೆ, ಕಟ್ಟಿಗೆ, ಸಗಣಿಯನ್ನು ಕೊಳೆಸಿ ಗೊಬ್ಬರ ಮಾಡುತ್ತವೆ. ತೇವ ಸಿಕ್ಕಾಗ ಕೊಡೆ ಎತ್ತುತ್ತವೆ. ಮರಕ್ಕೆ ಹಣ್ಣು ಹೇಗೋ, ಎಳೆಗಳಿಗೆ ಅಣಬೆ ಹಾಗೆ.

ಒಂದು ಮನೆಯಲ್ಲಿ ಸೊಸೆ ಒಂದು ಹಿಡಿ ಅಣಬೆ ತಂದಳು.

"ಅತ್ತೆ, ಎಷ್ಟು ಬೆಳ್ಳಗಿವೆ ನೋಡಿ. ಸಾರು ಮಾಡಲಾ?"

"ಎಲ್ಲಿ ಸಿಕ್ತಮ್ಮ?"

"ತೆಂಗಿನ ಬುಡದಲ್ಲಿ."

"ನಾವು ತಿನ್ನೋದು ಹುತ್ತದ ಅಣಬೆ. ಇದು ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದು ಒಲೆ ಹತ್ತಬಾರದು."

"ಬೆಳ್ಳಿ ಕಾಸು ಹಾಕಿ ಬೇಯಿಸೋಣ. ವಿಷ ಇದ್ರೆ ಕಾಸು ಕಪ್ಪಾಗುತ್ತಂತೆ."

"ಅದನ್ನ ನಂಬಿದ್ರೆ ಜೀವಕ್ಕೇ ಕುತ್ತು."

ಅತ್ತೆಯ ಮಾತು ನಿಜ. ಬೆಳ್ಳಿಯಿಂದ ವಿಷ ತಿಳಿಯುವುದಿಲ್ಲ. ಅರಿಸಿನದಿಂದಲೂ ತಿಳಿಯುವುದಿಲ್ಲ. ಹುಳ ತಿಂದ ಅಣಬೆ ನಮಗೂ ಒಳ್ಳೆಯದು ಎನ್ನುವಂತಿಲ್ಲ. ಕೊಲ್ಲುವ ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ. ತಿಂದು 6 ಗಂಟೆಯ ಮೇಲೆ ವಾಂತಿ, ಭೇದಿ ಶುರುವಾಗಬಹುದು. ನಡುವೆ ವಾಸಿಯಾದಂತೆ ಕಾಣುತ್ತದೆ. ಆದರೆ ಒಳಗೆ ಪಿತ್ತಜನಕಾಂಗ ಕೆಡುತ್ತಿರುತ್ತದೆ. ಆದ್ದರಿಂದ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯನ್ನೂ ಒಯ್ದು ವೈದ್ಯರಿಗೆ ತೋರಿಸಿ.

ಗೊತ್ತಿಲ್ಲದ ಅಣಬೆ ತಿನ್ನುವುದಕ್ಕಲ್ಲ. ನೋಡುವುದಕ್ಕೆ ಮಾತ್ರ. ಮುಟ್ಟಿದರೆ ವಿಷ ಏರುವುದಿಲ್ಲ. ನೋಡಿದ ಮೇಲೆ ಕೈ ತೊಳೆಯಿರಿ.

ಮಾಡಿ ನೋಡಿ

ಸ್ಲೇಟಿನ ಮೇಲೆ ಬಿಳಿ ಕಾಗದದ ತುಂಡು ಇಡಿ. ಚೆನ್ನಾಗಿ ಅರಳಿದ ಅಣಬೆಯ ಕಾಲು ಮುರಿಯಿರಿ. ಕೊಡೆಯನ್ನು ಬೋರಲು ಹಾಕಿ. ಅರ್ಧ ಕಾಗದದ ಮೇಲೆ, ಅರ್ಧ ಸ್ಲೇಟಿನ ಮೇಲೆ ಇರಲಿ. ಲೋಟ ಮುಚ್ಚಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಬೆಳಿಗ್ಗೆ ತೆಗೆದು ನೋಡಿ. ಸಣ್ಣ ಪುಡಿ ಉದುರಿರುತ್ತದೆ. ಬಿಳಿ ಪುಡಿ ಸ್ಲೇಟಿನ ಮೇಲೆ ಕಾಣುತ್ತದೆ. ಕಂದು ಅಥವಾ ಕಪ್ಪು ಪುಡಿ ಕಾಗದದ ಮೇಲೆ ಕಾಣುತ್ತದೆ. ಈ ಪುಡಿಯಿಂದಲೇ ಹೊಸ ಎಳೆ ಹುಟ್ಟುತ್ತದೆ. ಆದರೆ ಪುಡಿಯ ಬಣ್ಣ ನೋಡಿ ತಿನ್ನಬಹುದು ಎಂದುಕೊಳ್ಳಬೇಡಿ.

ಉತ್ತರ ಬರೆಯಿರಿ

1. ನೀವು ಅಣಬೆ ನೋಡಿದ್ದು ಎಲ್ಲಿ? ಯಾವ ದಿನ?
2. ಅದರ ಪುಡಿ ಯಾವ ಬಣ್ಣ?
3. ಸೊಸೆ ತಂದ ಅಣಬೆಯನ್ನು ಅತ್ತೆ ಏಕೆ ಬೇಡವೆಂದಳು?