ಆ ಒಂದು ಮಾತಿನ ಬಳಿ ನಿಂತವಳಿಗೆ

ಮಗಳೇ, ಕಳೆದ ಭಾನುವಾರದ ಪೂಜೆಯಲ್ಲಿ ಎಲ್ಲರೂ ಕರ್ತರು ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದಾಗ ನಿನ್ನ ತುಟಿ ನಡುವೆಯೇ ನಿಂತುಹೋಯಿತು. ದೇವರ ಚಿತ್ತ ನೆರವೇರಲಿ ಅನ್ನುವ ಕಡೆ. ನಿನ್ನ ಹಿಂದಿನ ಬೆಂಚಿನಿಂದ ನಾನು ಕಂಡೆ. ನಿನ್ನ ಗಂಡ ಹೋಗಿ ಇನ್ನೂ ಐದು ತಿಂಗಳಾಗಿಲ್ಲ. ಹೊರಗೆ ಬಂದ ಮೇಲೆ, "ಇನ್ನು ಪೂಜೆಗೆ ಬರಲ್ಲ ದೊಡ್ಡಮ್ಮ, ದೇವರ ಮುಂದೆ ನಿಂತು ಸುಳ್ಳು ಹೇಳೋಕಾಗಲ್ಲ" ಅಂದೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ಒಬ್ಬರ ನೆನಪಾಯಿತು. ನಿನ್ನ ಹಾಗೆಯೇ ಡಾಕ್ಟರು, ಅದೇ ಮಾತಿನ ಬಳಿ ನಿಂತವರು.

ಆಡ್ರಿಯೆನ್ ಫಾನ್ ಸ್ಪೈರ್. 1902ರಲ್ಲಿ ಸ್ವಿಟ್ಜರ್ಲೆಂಡಿನ ಲಾ ಶೋ-ದ-ಫೋನ್ ಎಂಬ ಗಡಿಯಾರದ ಊರಿನಲ್ಲಿ ಹುಟ್ಟಿದರು. ಪ್ರಾಟೆಸ್ಟೆಂಟ್ ಮನೆತನ, ತಂದೆ ಕಣ್ಣಿನ ವೈದ್ಯರು. ಹದಿನೈದು ವರ್ಷಕ್ಕೆ ತಂದೆ ತೀರಿಕೊಂಡರು. ಬೆನ್ನಿಗೇ ಎರಡೂ ಶ್ವಾಸಕೋಶಕ್ಕೆ ಕ್ಷಯ ಹತ್ತಿ, ಲೇಸಾಂ ಎಂಬ ಬೆಟ್ಟದ ಊರಿನ ಆರೋಗ್ಯಧಾಮ ಸೇರಬೇಕಾಯಿತು. ಗುಣವಾಗಿ ಬಂದ ಮೇಲೆ ವೈದ್ಯಕೀಯ ಓದುತ್ತೇನೆ ಅಂದರೆ ಮನೆಯವರು ಒಪ್ಪಲಿಲ್ಲ. ಹುಡುಗಿ ಮನೆಪಾಠ ಹೇಳಿ ಫೀಸು ಕಟ್ಟಿ ಬಾಸೆಲ್‌ನಲ್ಲಿ ಓದಿದಳು.

ಅವರ ಓದಿನ ದಿನಗಳ ಒಂದು ಪ್ರಸಂಗ ನನಗೆ ಬಹಳ ಹತ್ತಿರದ್ದು. ವೈದ್ಯರೊಬ್ಬರು ಕೊಟ್ಟ ಇಂಜೆಕ್ಷನ್‌ನಿಂದ ರೋಗಿ ಸತ್ತ. ಆ ವೈದ್ಯರು ತಪ್ಪನ್ನು ನರ್ಸಿನ ತಲೆಗೆ ಕಟ್ಟಿದರು. ಆಡ್ರಿಯೆನ್ ಸಹಪಾಠಿಗಳನ್ನು ಒಗ್ಗೂಡಿಸಿ, ಆ ವೈದ್ಯರು ಪಾಠ ಮಾಡುವ ತರಗತಿಗೆ ಯಾರೂ ಕಾಲಿಡದಂತೆ ಮಾಡಿದರು. ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದವಳು ನಾನು. ಇದನ್ನು ಓದಿದ ದಿನ ಪುಸ್ತಕ ಮುಚ್ಚಿಟ್ಟು ಅತ್ತಿದ್ದೆ. ಸುಳ್ಳನ್ನು ಸಹಿಸದ ಸ್ವಭಾವ ಅವರದು, ಪ್ರಾರ್ಥನೆಯಲ್ಲೂ ಹಾಗೆಯೇ.

1927ರಲ್ಲಿ ಎಮಿಲ್ ಡ್ಯೂರ್ ಎಂಬ ಇತಿಹಾಸದ ಪ್ರಾಧ್ಯಾಪಕರನ್ನು ಮದುವೆಯಾದರು. ಆತ ವಿಧುರ, ಇಬ್ಬರು ಗಂಡುಮಕ್ಕಳ ತಂದೆ. ಏಳು ವರ್ಷದ ಸಂಸಾರ. 1934ರಲ್ಲಿ ಟ್ರಾಮ್ ಅಪಘಾತ ಅವರನ್ನು ಕಿತ್ತುಕೊಂಡಿತು. ಅಂದಿನಿಂದ ಆಡ್ರಿಯೆನ್‌ಗೆ ಆ ಪ್ರಾರ್ಥನೆಯನ್ನು ಪೂರ್ತಿ ಹೇಳಲಾಗಲಿಲ್ಲ. ದೇವರ ಚಿತ್ತ ಅನ್ನುವಲ್ಲಿಗೆ ಬಂದರೆ ಮುಂದಕ್ಕೆ ಹೋಗದು. ಮನಸ್ಸು ಒಪ್ಪದ್ದನ್ನು ಬಾಯಿ ಆಡಲಿಲ್ಲ. ಒಂದು ದಿನ, ಎರಡು ದಿನ ಅಲ್ಲ ಮಗಳೇ, ಆರು ವರ್ಷ.

ಆ ಆರು ವರ್ಷವೂ ಅವರು ತಮ್ಮ ಕ್ಲಿನಿಕ್ಕಿನ ಬಾಗಿಲು ಮುಚ್ಚಲಿಲ್ಲ, ಅದನ್ನು ಗಮನಿಸು. ದಿನಕ್ಕೆ ಅರವತ್ತು, ಎಂಬತ್ತು ರೋಗಿಗಳನ್ನು ನೋಡಿದ ದಿನಗಳೂ ಇದ್ದವು. ಬಡವರಿಂದ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. 1936ರಲ್ಲಿ ವೆರ್ನರ್ ಕೇಗಿ ಎಂಬ ಇತಿಹಾಸಕಾರರನ್ನು ಮದುವೆಯಾದರು.

1940ರಲ್ಲಿ ಯೇಸುಸಭೆಯ ಗುರು ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಪರಿಚಯವಾದರು. ಆಡ್ರಿಯೆನ್ ಮುಚ್ಚುಮರೆಯಿಲ್ಲದೆ ತನ್ನ ತೊಡಕನ್ನು ಅವರ ಮುಂದಿಟ್ಟರು. ಅವರು ಬೈಯಲಿಲ್ಲ, ವಿಶ್ವಾಸ ಸಾಲದು ಅನ್ನಲಿಲ್ಲ. ಆ ಮಾತು ನಾವು ಏನನ್ನೋ ಸಾಧಿಸಿ ತೋರಿಸುತ್ತೇವೆಂಬ ಹರಕೆಯಲ್ಲ, ದೇವರು ತನ್ನ ಕೆಲಸಕ್ಕೆ ನಮ್ಮನ್ನು ಎಲ್ಲಿ ಬೇಕಾದರೂ ಬಳಸಿಕೊಳ್ಳಲಿ ಎಂದು ಕೈಬಿಡುವುದು, ಎಂದು ತಿಳಿಸಿ ಹೇಳಿದರು. ಕಟ್ಟಿಕೊಂಡಿದ್ದುದು ಬಿಟ್ಟುಕೊಂಡಿತು. ಅದೇ ವರ್ಷ ನವೆಂಬರ್ 1, ಸಕಲ ಸಂತರ ಹಬ್ಬದಂದು ಕಥೋಲಿಕ ಧರ್ಮಸಭೆಯಲ್ಲಿ ಜ್ಞಾನಸ್ನಾನ ಪಡೆದರು. ಮನೆಯವರಿಗೂ ಬಾಸೆಲ್‌ನ ಪರಿಚಿತರಿಗೂ ಅದು ನುಂಗಲಾರದ ತುತ್ತಾಯಿತು.

ಆಮೇಲಿನದು ನನ್ನ ನಿನ್ನ ಅಳತೆಗೆ ಸಿಗುವುದಲ್ಲ. ದರ್ಶನಗಳು, ಪವಿತ್ರ ವಾರದಲ್ಲಿ ಯೇಸುವಿನ ಯಾತನೆಯ ಅನುಭವ, ಆಡ್ರಿಯೆನ್ ಹೇಳಿದಂತೆ ಬಾಲ್ತಸಾರ್ ಶೀಘ್ರಲಿಪಿಯಲ್ಲಿ ಬರೆದುಕೊಂಡ ಸುಮಾರು ಅರವತ್ತು ಸಂಪುಟಗಳು. 1945ರಲ್ಲಿ ಇಬ್ಬರೂ ಸೇರಿ ಸಂತ ಯೊವಾನ್ನರ ಸಮುದಾಯ ಕಟ್ಟಿದರು. ಅದಕ್ಕಾಗಿ ಬಾಲ್ತಸಾರ್ 1950ರಲ್ಲಿ ಯೇಸುಸಭೆಯನ್ನೇ ಬಿಟ್ಟರು. ಆಡ್ರಿಯೆನ್ ಅವರ ದರ್ಶನಗಳ ಬಗ್ಗೆ ಅನುಮಾನಪಡುವವರೂ ಇದ್ದಾರೆ, ಇರಲಿ. ನಾನು ನಂಬುವುದು ಬೇರೆಯದನ್ನು ನೋಡಿ: ಹೃದ್ರೋಗ, ಸಕ್ಕರೆ ಕಾಯಿಲೆ, ಕೀಲುನೋವು ಒಂದೊಂದಾಗಿ ಮೇಲೆ ಬಿದ್ದು 1964ರಲ್ಲಿ ಕಣ್ಣೂ ಹೋಯಿತು. ಕಣ್ಣಿನ ವೈದ್ಯರ ಮಗಳು ಕೊನೆಯ ಮೂರು ವರ್ಷ ಕತ್ತಲಲ್ಲೇ ಕಳೆದರು. ಒಮ್ಮೆ ಹೇಳಲಾಗದಿದ್ದ ಆ ಮಾತನ್ನು ಆಗ ಬಿಡಲಿಲ್ಲ. ತೀರಿಕೊಂಡದ್ದು 1967ರ ಸೆಪ್ಟೆಂಬರ್ 17ರಂದು.

ನಿನ್ನ ಕೋಪ ಪಾಪವಲ್ಲ ಮಗಳೇ. ಬೇಗ ಸರಿಹೋಗು ಎಂದು ನಾನು ಹೇಳುವುದಿಲ್ಲ. ಹೇಳಲಾಗದ್ದನ್ನು ಹೇಳಬೇಡ. ಆದರೆ ಆಸ್ಪತ್ರೆಯ ಕೆಲಸ ಬಿಡಬೇಡ, ಯಾರೋ ಒಬ್ಬರ ಮುಂದೆ ಮನಸ್ಸು ಬಿಚ್ಚು. ನಮ್ಮ ಚರ್ಚಿನ ಫಾದರಾದರೂ ಸರಿ, ನಾನಾದರೂ ಸರಿ. ಬರುವ ಭಾನುವಾರ ಏಳು ಗಂಟೆಯ ಪೂಜೆಗೆ ನಿನಗಾಗಿ ಜಾಗ ಹಿಡಿದಿರುತ್ತೇನೆ. ಪಕ್ಕದಲ್ಲಿ ಕೂತುಕೋ. ಆ ಮಾತು ಬಂದಾಗ ನೀನು ಸುಮ್ಮನಿರು, ನಿನ್ನ ಪಾಲಿನದನ್ನು ಸದ್ಯಕ್ಕೆ ನಾನು ಹೇಳುತ್ತೇನೆ.